ಕಳಿಸುವ ಕೋಣೆ

ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬೆಳಗಿನ ಪಾಳಿಯವರು ಹೊರಗೆ ಬಂದು ಮಧ್ಯಾಹ್ನದ ಪಾಳಿಯವರು ಒಳಗೆ ಹೋಗುವ ಹೊತ್ತು. ಆ ಹೊತ್ತಿನಲ್ಲಿ ನಮ್ಮ ಬಟ್ಟೆ ಗಿರಣಿಯ ಗೇಟಿನ ಹತ್ತಿರ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅವತ್ತು ಬೆಳಗಿನವರೆಲ್ಲ ಹೊರಗೆ ಬಂದೆವು, ಮಧ್ಯಾಹ್ನದವರನ್ನು ಯಾರೂ ಒಳಗೆ ಬಿಡಲಿಲ್ಲ. ನಾನು ಗೋಡೆಗೆ ಒರಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಯಾವಾಗಲೂ ಸಣ್ಣಗೆ ನಡುಗುವ ಗೋಡೆ ನಡುಗುತ್ತಿರಲಿಲ್ಲ. ಗಿರಣಿ ನಿಂತುಹೋಯಿತು ಎಂದು ನನಗೆ ತಿಳಿದದ್ದು ಹಾಗೆ, ಬೆನ್ನಿನಿಂದ. ಕಿವಿಯಿಂದ ತಿಳಿಯುವ ಕಾಲ ಅಷ್ಟರಲ್ಲಿ ಮುಗಿದಿತ್ತು.

ಕಿವಿಯ ಸಂಗತಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಗ್ಗಗಳ ಸಾಲು ಸಾಲೇ ಒಟ್ಟಿಗೆ ಬಡಿಯುವಾಗ ಪಕ್ಕದವನು ಕಿವಿಗೆ ಬಾಯಿ ಇಟ್ಟು ಕೂಗಿದರೂ ಕೇಳಿಸುವುದಿಲ್ಲ. ಅದಕ್ಕೇ ಅಲ್ಲಿ ಯಾರೂ ಕೂಗುತ್ತಿರಲಿಲ್ಲ. ತುಟಿ ಅಗಲಿಸಿ, ನಾಲಿಗೆ ಕಾಣುವ ಹಾಗೆ, ಒಂದೊಂದು ಅಕ್ಷರವನ್ನೂ ಬಾಯಲ್ಲಿ ಮಾಡಿ ತೋರಿಸುತ್ತಿದ್ದೆವು. ದನಿಯ ಹಂಗೇ ಇಲ್ಲ. ಅದಕ್ಕೆ ಮಗ್ಗದ ಮಾತು ಎಂದು ಹೆಸರು. ಆ ತುದಿಯಲ್ಲಿ ನಿಂತವಳು ಅತ್ತೆಯನ್ನು ಬೈದರೆ ಈ ತುದಿಯಲ್ಲಿ ನಮಗೆ ನಗು ಬರುತ್ತಿತ್ತು. ಇಂಥದೇ ಇನ್ನೊಂದು ಅಭ್ಯಾಸವೂ ಇತ್ತು. ಗಾಳಿಯ ತುಂಬ ಹತ್ತಿಯ ಧೂಳು ಹಾರುತ್ತಿದ್ದುದರಿಂದ ಆಕಳಿಸುವಾಗ ಬಾಯಿಗೆ ಕೈ ಅಡ್ಡ ಹಿಡಿಯಲೇಬೇಕು. ಹಿಡಿಯದಿದ್ದರೆ ಹೊಟ್ಟೆಯಲ್ಲೇ ದಿಂಬು ತಯಾರಾಗುತ್ತದೆ ಎಂದು ಹಳಬರು ಹೊಸಬರನ್ನು ಹೆದರಿಸುತ್ತಿದ್ದರು. ಮನೆಯಲ್ಲಿದ್ದಾಗಲೂ ನಮ್ಮವರ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು.

ನನ್ನ ಕಿವಿ ಮಗ್ಗದ ಪಾಲಾದದ್ದು ಮೆಲ್ಲಗೆ. ಮೊದಲು ಹಕ್ಕಿಗಳು ಹೋದವು, ಆಮೇಲೆ ಮಕ್ಕಳ ದನಿ, ಆಮೇಲೆ ಹೆಂಡತಿಯದು. ನನ್ನವಳು ಗಿರಣಿಗೆ ಬಂದವಳಲ್ಲ, ಮಗ್ಗದ ಮಾತು ಬರುತ್ತಿರಲಿಲ್ಲ. ಕೊನೆಯ ವರ್ಷಗಳಲ್ಲಿ ನನ್ನ ತೋಳು ಮುಟ್ಟಿ, ಕೈ ತೋರಿಸಿ ಸಂಸಾರ ಮಾಡಿದಳು. ಅವಳು ತೀರಿಕೊಂಡ ಮೇಲೆ ನನ್ನೊಡನೆ ಬಾಯ್ತುಂಬ ಮಾತಾಡುವವಳೆಂದು ಉಳಿದದ್ದು ಅವಳ ತಂಗಿ, ನನ್ನ ನಾದಿನಿ ಒಬ್ಬಳೇ.

ಗಿರಣಿಯಲ್ಲಿ ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಆಳು ಸಣ್ಣ, ಓಡಾಟ ಜೋರು. ಒಬ್ಬಳೇ ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದಳು. ಗಂಡ ಬಹಳ ಹಿಂದೆಯೇ ಹೋಗಿದ್ದ, ಮಕ್ಕಳಿರಲಿಲ್ಲ. ನಮ್ಮ ಬೀದಿಯಲ್ಲೇ, ನನ್ನ ಬಾಗಿಲಿಗೆ ಎದುರಾಗಿ ಅವಳ ಬಾಗಿಲು. ಸಂಜೆಯಾದರೆ ಅವಳು ಆ ಕಡೆ ಮೆಟ್ಟಿಲ ಮೇಲೆ, ನಾನು ಈ ಕಡೆ ಮೆಟ್ಟಿಲ ಮೇಲೆ. ನಡುವೆ ಲಾರಿ, ಬಸ್ಸು, ಸೈಕಲ್ಲು ಹೋಗುತ್ತಲೇ ಇರುತ್ತಿದ್ದವು. ನಾವು ಮಾತಾಡುತ್ತಲೇ ಇರುತ್ತಿದ್ದೆವು. ಬಸ್ಸು ಅಡ್ಡ ಬಂದರೆ ಮಾತು ಅರ್ಧಕ್ಕೆ ನಿಲ್ಲುವುದು, ದಾಟಿದ ಮೇಲೆ ಅಲ್ಲಿಂದಲೇ ಮುಂದುವರಿಯುವುದು. ಬೀದಿಗೆ ಹೊಸದಾಗಿ ಬಂದ ಟೈಲರು ನಮ್ಮನ್ನು ನೋಡಿ, ಎರಡು ಮನೆಯವರಿಗೂ ಒಟ್ಟಿಗೇ ತಲೆ ಕೆಟ್ಟಿದೆ ಎಂದುಕೊಂಡಿದ್ದನಂತೆ.

ಗಿರಣಿ ಮುಚ್ಚಿದ ಮೇಲೆ ಕಾರ್ಮಿಕ ಇಲಾಖೆಯವರು ಗೇಟಿನ ಪಕ್ಕದ ಟೈಮ್ ಆಫೀಸಿನಲ್ಲಿ ಒಂದು ಕೋಣೆ ತೆರೆದರು. ಒಂದು ಮೇಜು, ಮೂರು ಕುರ್ಚಿ, ಬಾಗಿಲ ಹೊರಗೆ ಒಂದು ಬೆಂಚು. ಬಾಗಿಲ ಮೇಲೆ ಉದ್ದನೆಯ ಬೋರ್ಡು: ಉದ್ಯೋಗ ಮಾರ್ಗದರ್ಶನ ಕೇಂದ್ರ. ಅಷ್ಟುದ್ದ ಯಾರು ಹೇಳುತ್ತಾರೆ? ನಮ್ಮವರು ಕಳಿಸೋ ಕೋಣೆ ಎಂದರು. ಅದೇ ನಿಂತಿತು.

ಅಲ್ಲಿಗೆ ಬಂದ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೇಡಂ ಎನ್ನುತ್ತಿದ್ದೆವು. ಒಳ್ಳೆಯವಳು, ಕಷ್ಟಪಡುವವಳು. ಆದರೆ ಅವಳ ತುಟಿ ಅಲ್ಲಾಡುತ್ತಲೇ ಇರಲಿಲ್ಲ. ಅವಳ ಮಾತು ನಮ್ಮವರಿಗೆ ಹತ್ತದು, ನಮ್ಮವರು ಕೂಗಿದರೆ ಅವಳು ಕುರ್ಚಿಯಲ್ಲೇ ಹಿಂದಕ್ಕೆ ಸರಿಯುವಳು. ಮೊದಲ ವಾರವೇ ಕೈ ಮುಗಿದು, ನಡುವೆ ಕೂರಲು ನಿಮ್ಮವರೊಬ್ಬರನ್ನು ಕೊಡಿ ಎಂದಳು. ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ಅರ್ಧ ಗಿರಣಿಗೆ ಲಾಳಿ ಹಿಡಿಯುವುದನ್ನು ಕಲಿಸಿದವನು ನಾನು, ಯಾರ ಜಗಳಕ್ಕೂ ಹೋದವನಲ್ಲ, ಅದಕ್ಕಿರಬೇಕು.

"ಮೇಡಂ, ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟೋನು. ಕಿವೀನೂ ಇಲ್ಲ" ಎಂದೆ.

ಅವಳು ಸ್ಲೇಟು ತೆಗೆದುಕೊಂಡು ದಪ್ಪ ಅಕ್ಷರದಲ್ಲಿ ಬರೆದಳು: ಓದೋದಕ್ಕೆ ನಾನಿದ್ದೇನೆ. ನೀವು ಕೂತ್ಕೊಳ್ಳಿ.

ಕೂತೆ. ಕಳಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ಹೀಗೆ.

ಬಂದವರನ್ನು ಕೇಳಲು ಮೇಡಂ ಹತ್ತಿರ ಪ್ರಶ್ನೆಗಳ ಪಟ್ಟಿ ಇತ್ತು; ಅವಳು ಸ್ಲೇಟಿನಲ್ಲಿ ಬರೆದು ತೋರಿಸುವಳು, ನಾನು ಮಗ್ಗದ ಮಾತಿನಲ್ಲಿ ಕೇಳುವುದು. ಮೊದಲು ಬಂದವನು ಮಗ್ಗಗಳಿಗೆ ಎಣ್ಣೆ ಹಾಕುತ್ತಿದ್ದವನು. ಅವನನ್ನು ಎಣ್ಣೆ ಎಂದೇ ಕರೆಯುತ್ತಿದ್ದುದು.

"ಏನಂತೆ ಅಣ್ಣ?"

"ನಿನಗೇನು ಇಷ್ಟ ಅಂತ ಕೇಳ್ತಿದಾರೆ."

"ಗಿರಣಿ."

"ಗಿರಣಿ ಬಿಟ್ಟು ಹೇಳೋ."

ಎಣ್ಣೆ ಬಹಳ ಹೊತ್ತು ಯೋಚಿಸಿದ. "ಗಿರಣಿ ಕ್ಯಾಂಟೀನು."

"ಇನ್ನು ಐದು ವರ್ಷಕ್ಕೆ ಎಲ್ಲಿರಬೇಕು ಅಂತಿದೀಯ?"

"ಇದ್ದರೆ ತಾನೇ!"

ಮೇಡಂ ಅದನ್ನೂ ಬರೆದುಕೊಂಡಳು, ಪಾಪ.

ಬೆಂಚಿನ ಮೇಲೆ ಒಬ್ಬ ಮುದುಕ ದಿನಾ ಬಂದು ಕೂರುತ್ತಿದ್ದ. ಮಗ್ಗ ರಿಪೇರಿ ಮಾಡುತ್ತಿದ್ದವನು, ನನಗಿಂತ ದೊಡ್ಡವನು. ಬರಬರುತ್ತ ಅವನ ಹೆಸರೇ ಬೆಂಚಪ್ಪ ಎಂದಾಯಿತು. ಯಾವ ಕೆಲಸ ಹೇಳಿದರೂ ಬೇಡ ಎನ್ನುವನು.

"ಬೇಡ ಅಂದಮೇಲೆ ದಿನಾ ಯಾಕೆ ಬರ್ತೀರಿ?" ಎಂದೆ ಒಂದು ದಿನ.

"ಮನೇಲಿದ್ದರೆ ಸೊಸೆ ಕೆಲಸ ಕೊಡ್ತಾಳಪ್ಪ."

ನಗುವುದಕ್ಕೆ ಇಂಥವು ಇದ್ದವು. ಕೆಲಸ ಮಾತ್ರ ಯಾರಿಗೂ ಸಿಗುತ್ತಿರಲಿಲ್ಲ. ಕಳಿಸಿದವರು ಕಳಿಸಿದ ಹಾಗೇ ವಾಪಸು ಬರುತ್ತಿದ್ದರು. ಅಂಗಡಿಗೆ ಹೋದವನು ಬಂದ, ಆಸ್ಪತ್ರೆಗೆ ಹೋದವಳು ಬಂದಳು. ಏನಾಯಿತು ಎಂದರೆ ಅವರಿಗೂ ಗೊತ್ತಿಲ್ಲ. "ಚೆನ್ನಾಗೇ ಮಾತಾಡಿದೆ ಅಣ್ಣ, ಯಾಕೋ ಮುಖ ಗಂಟು ಹಾಕ್ಕೊಂಡ್ರು" ಎನ್ನುತ್ತಿದ್ದರು. ಕಾರಣ ಹುಡುಕಿದವಳು ಮೇಡಂ. ಎಲ್ಲ ಕಡೆಗೂ ತಾನೇ ಹೋಗಿ ವಿಚಾರಿಸಿಕೊಂಡು ಬಂದು, ಒಂದು ಮಧ್ಯಾಹ್ನ ನನ್ನೆದುರು ಕೂತು, ಸ್ವಲ್ಪ ಹೇಳಿ ಸ್ವಲ್ಪ ಬರೆದು ತಿಳಿಸಿದಳು.

"ನಿಮ್ಮೋರು ಕಣ್ಣು ನೋಡಿ ಮಾತಾಡಲ್ಲ. ಬಾಯಿ ನೋಡ್ತಾರೆ. ಬಾಯನ್ನೇ ನೋಡ್ತಾ, ತಾವೂ ಅಷ್ಟಗಲ ಬಾಯಿ ತೆಗೆದು ಕೂಗ್ತಾರೆ. ಎದುರಿಗಿರೋರಿಗೆ ಜಗಳಕ್ಕೆ ಬಂದ ಹಾಗೆ ಕಾಣುತ್ತೆ. ಮೊದಲ ವಾರವೆಲ್ಲ ನಾನು ಮನೆಗೆ ಹೋಗಿ ಕನ್ನಡಿ ನೋಡ್ಕೋತಿದ್ದೆ, ಹಲ್ಲಲ್ಲಿ ಏನಾದರೂ ಸಿಕ್ಕಿಕೊಂಡಿದೆಯಾ ಅಂತ."

ನಾನು ಅಲ್ಲೇ ಇದ್ದೆ, ಅಷ್ಟು ದಿನದಿಂದ ಇದ್ದೆ, ನನಗೆ ಇದು ಕಂಡಿರಲಿಲ್ಲ. ಮೀನಿಗೆ ನೀರು ಕಾಣುತ್ತದೆಯೇ? ಅವಳು ಈ ಮಾತು ಹೇಳುವಾಗಲೂ ನಾನು ಅವಳ ಬಾಯನ್ನೇ ನೋಡುತ್ತಿದ್ದೆ.

ಮದ್ದು ಕಂಡುಹಿಡಿದವಳೂ ಅವಳೇ. ನನ್ನ ಟವೆಲನ್ನು ನನ್ನ ಬಾಯಿಗೆ ಅಡ್ಡ ಕಟ್ಟಿಸಿದಳು. ಬಂದವರು ನನ್ನೆದುರು ಕೂರಬೇಕು. ನೋಡಲು ಬಾಯಿ ಇಲ್ಲ, ಇರುವುದು ಕಣ್ಣು ಎರಡೇ. ಪ್ರಶ್ನೆಗಳು ನನಗೆ ಬಾಯಿಪಾಠವಾಗಿದ್ದವು. ಟವೆಲಿನ ಹಿಂದಿನಿಂದ ಕೇಳುತ್ತಿದ್ದೆ. ಅವರು ಕಿವಿಗೊಟ್ಟು ಕೇಳಿಸಿಕೊಂಡು, ತುಟಿ ಹೆಚ್ಚು ಅಲ್ಲಾಡಿಸದೆ, ಮೆಲ್ಲಗೆ ಉತ್ತರ ಹೇಳಬೇಕು. ಮೊದಲ ದಿನ ಬೆಂಚಪ್ಪ ಬಾಗಿಲಲ್ಲಿ ತಲೆ ಹಾಕಿ, "ಏನಪ್ಪಾ, ಸಲಹೆ ಕೊಡ್ತೀಯೋ ದರೋಡೆ ಮಾಡ್ತೀಯೋ?" ಎಂದ.

ಮದ್ದು ಹಿಡಿಯಿತು. ಒಬ್ಬೊಬ್ಬರಾಗಿ ಹೋದರು. ಎಣ್ಣೆಗೆ ಲಿಫ್ಟು ನೋಡಿಕೊಳ್ಳುವ ಕೆಲಸ ಸಿಕ್ಕಿತು. ನೂಲು ಸುತ್ತುತ್ತಿದ್ದ ಅಕ್ಕತಂಗಿಯರು ಔಷಧಿ ಕಾರ್ಖಾನೆಗೆ ಹೋದರು. ಗೋದಾಮಿನವನೊಬ್ಬ ಲಾರಿ ಓಡಿಸಲು ಕಲಿತ. ಪ್ರತಿಯೊಬ್ಬರಿಗೂ ನಾನು ಅದನ್ನೇ ಹೇಳುತ್ತಿದ್ದೆ: ಕಣ್ಣು ನೋಡು, ತುಟಿ ಬಿಗಿ ಹಿಡಿ, ಮೆಲ್ಲಗೆ ಆಡು. ಅವರು ಚೆನ್ನಾಗಿ ಕಲಿತಷ್ಟೂ ನನಗೆ ಅವರ ಮಾತು ಕಾಣದಾಗುತ್ತಿತ್ತು. ಪೂರ್ತಿ ಕಾಣದಾದ ದಿನ ಮೇಡಂ ಕಡೆ ತಿರುಗಿ, ಇವನು ತಯಾರು, ಕಳಿಸಿ ಎನ್ನುತ್ತಿದ್ದೆ. ನನ್ನ ಅಳತೆಗೋಲು ಅದೇ.

ಈ ಕೆಲಸದ ರೀತಿಯೇ ಬೇರೆ. ಬಟ್ಟೆ ನೇಯ್ದರೆ ಸಂಜೆಗೆ ಬಟ್ಟೆ ಕಣ್ಣ ಮುಂದೆ ಇರುತ್ತದೆ, ಮುಟ್ಟಿ ನೋಡಬಹುದು. ಇಲ್ಲಿ ಕೆಲಸ ಆಯಿತು ಎಂದರೆ ಕುರ್ಚಿ ಖಾಲಿ ಎಂದು ಅರ್ಥ. ಚೆನ್ನಾಗಾದವರು ತಿರುಗಿ ಬರುವುದಿಲ್ಲ. ಯಾಕೆ ಬರಬೇಕು? ಬರುವವರು ಕೆಲಸ ಬಿಟ್ಟವರು, ಬಿಡಿಸಿಕೊಂಡವರು, ಸಂಬಳ ಸಾಲದು ಎಂದು ನನ್ನನ್ನೇ ಬೈಯುವವರು. "ನೀನೇ ಅಲ್ವಾ ಹೋಗು ಅಂದಿದ್ದು?" ಎಂದು ಒಬ್ಬಳು ಮೇಜು ಗುದ್ದಿದ್ದಳು. ಎಣ್ಣೆ ಒಮ್ಮೆ ಮಾರ್ಕೆಟಿನಲ್ಲಿ ಎದುರಾದ. ಇಸ್ತ್ರಿ ಶರ್ಟು, ಜೊತೆಯಲ್ಲಿ ಹೊಸ ಕೆಲಸದ ಗೆಳೆಯರು. ನನ್ನ ಕಣ್ಣನ್ನೇ ನೋಡಿ ಮೆಲ್ಲಗೆ ಏನೋ ಹೇಳಿ ಹೊರಟುಹೋದ. ಒಂದಕ್ಷರ ತಿಳಿಯಲಿಲ್ಲ. ಚೆನ್ನಾಗಿ ಕಲಿತಿದ್ದಾನೆ ಎಂದು ಸಂತೋಷಪಡಬೇಕಾಯಿತು.

ಹಾಗೆಂದು ಸಿಹಿಯೇ ಇರಲಿಲ್ಲ ಎಂದಲ್ಲ. ಇನ್ನೊಂದು ದಿನ ರಸ್ತೆ ದಾಟಲು ನಿಂತಿದ್ದೆ. ಸಿಗ್ನಲಿನಲ್ಲಿ ನಿಂತ ದೊಡ್ಡ ಲಾರಿಯಿಂದ ಯಾರೋ ಕೈ ಬೀಸಿದ ಹಾಗಾಯಿತು. ಗೋದಾಮಿನವನು! ಸುತ್ತ ಹಾರ್ನು ಬಡಿಯುತ್ತಿದ್ದಿರಬೇಕು, ಜನರೆಲ್ಲ ಕಿವಿ ಮುಚ್ಚಿಕೊಂಡಿದ್ದರು. ಅವನು ಅಷ್ಟು ಎತ್ತರದಿಂದ ಬಾಯಿ ಅಗಲಿಸಿ, ದನಿಯಿಲ್ಲದೆ, ಮಗ್ಗದ ಮಾತಿನಲ್ಲಿ ಕೇಳಿದ: "ಅ-ಣ್ಣಾ, ಊ-ಟ ಆ-ಯ್ತಾ?" ನಾನೂ ಅಷ್ಟೇ ಅಗಲ ಬಾಯಿ ತೆಗೆದು, "ಆಯ್ತಪ್ಪಾ, ನಿಂದು?" ಎಂದೆ. ಅಷ್ಟೇ. ದೀಪ ಹಸಿರಾಯಿತು. ಆ ಒಂದು ಮಾತನ್ನು ಇಟ್ಟುಕೊಂಡು ಒಂದು ತಿಂಗಳು ಕೂತಿದ್ದೆ ಎಂದರೆ ನಂಬಬೇಕು.

ಎಲ್ಲರನ್ನೂ ಕಳಿಸಿದೆ, ಗುಬ್ಬಿ ಉಳಿದಳು. ಕಳಿಸಲಿಲ್ಲ ಎಂದಲ್ಲ, ಅವಳು ಎಲ್ಲೂ ನಿಲ್ಲಲಿಲ್ಲ. ಅವಳಿಗೆ ಮಗ್ಗದ ಮಾತು ಎಲುಬಿಗೇ ಇಳಿದಿತ್ತು. ಒಂದು ಬಟ್ಟೆ ಅಂಗಡಿಗೆ ಕಳಿಸಿದ್ದೆವು. ಮಧ್ಯಾಹ್ನಕ್ಕೇ ವಾಪಸು ಬಂದಳು.

"ಏನಾಯ್ತೇ?"

"ಯಜಮಾನ ಮಾತಾಡ್ತಿದ್ದ, ನಾನು ಬಾಯಿ ನೋಡ್ತಿದ್ದೆ. ಅವನು ಮೀಸೆ ಒರೆಸಿಕೊಂಡ. ಮತ್ತೆ ನೋಡಿದೆ, ಮತ್ತೆ ಒರೆಸಿಕೊಂಡ, ಕೆಂಪಾದ. ಗಲ್ಲಾದಲ್ಲಿ ಕೂತಿದ್ದ ಅವನ ಹೆಂಡತಿ ಎದ್ದುಬಂದು, ಬೇರೆ ಕಡೆ ನೋಡ್ಕೋ ತಾಯಿ ಅಂದಳು. ಕೆಲಸ ನೋಡ್ಕೋ ಅಂದಳೋ ಗಂಡನ್ನ ನೋಡ್ಕೋ ಅಂದಳೋ ಗೊತ್ತಾಗಲಿಲ್ಲ, ಭಾವ!"

ಬೆಂಚಪ್ಪ ನಕ್ಕು ನಕ್ಕು ಕೆಮ್ಮಿದ. ಗುಬ್ಬಿಯೂ ನಕ್ಕಳು. ಸಂಜೆ ಮೆಟ್ಟಿಲ ಮೇಲೆ ಕೂತಾಗ ನಗು ಇರಲಿಲ್ಲ. ಅವಳು ಅಷ್ಟರಲ್ಲಿ ಮನೆ ಮನೆಯ ಪಾತ್ರೆ ತಿಕ್ಕುತ್ತಿದ್ದಳು. "ನಾಲ್ಕು ಮಗ್ಗ ಓಡಿಸಿದ ಕೈ ಭಾವ ಇದು. ಇನ್ನೊಬ್ಬರ ಎಂಜಲು ತಿಕ್ಕೋಕೆ ಮನಸ್ಸು ಬಗ್ಗಲ್ಲ. ಬೆನ್ನು ಬಗ್ಗುತ್ತೆ, ಮನಸ್ಸು ಬಗ್ಗಲ್ಲ" ಎಂದಳು. ಬಸ್ಸು ಅಡ್ಡ ಬಂತು. ದಾಟಿದ ಮೇಲೆ ಅವಳು ಅದನ್ನು ಮುಂದುವರಿಸಲಿಲ್ಲ. "ಊರಿಗೆಲ್ಲ ದಾರಿ ತೋರಿಸ್ತೀರಿ. ಕೈಮರಕ್ಕೆ ತನ್ನ ಕಾಲಡಿ ಕಾಣಲ್ಲ" ಎಂದು ತಮಾಷೆ ಮಾಡಿ ಒಳಗೆ ಹೋದಳು.

ಮರುವರ್ಷ ಬೇಸಗೆಯ ಕೊನೆಗೆ ಒಂದು ಬೆಳಗ್ಗೆ ಮೇಡಂ ಸ್ಲೇಟು ಹಿಡಿದು ಓಡಿ ಬಂದಳು. ಸಮುದ್ರದ ಕಡೆ, ಬಸ್ಸಿನಲ್ಲಿ ಹಗಲೆಲ್ಲ ಕೂರಬೇಕಾದಷ್ಟು ದೂರದ ಊರಲ್ಲಿ ಒಂದು ದೊಡ್ಡ ಹೋಟೆಲು. ಅಲ್ಲಿಯ ಹಾಸಿಗೆ ಬಟ್ಟೆ, ಟವೆಲು, ಪರದೆ ಇವನ್ನೆಲ್ಲ ನೋಡಿಕೊಳ್ಳಲು ಬಟ್ಟೆಯ ಗುಣ ಬಲ್ಲ ಹೆಂಗಸು ಬೇಕು. ಇರಲು ಕೋಣೆ, ಊಟ, ಕೈ ಕೆಳಗೆ ನಾಲ್ಕು ಜನ. ಆದರೆ ಕೋಣೆಗಳಿಂದ ಬರುವ ಫೋನಿಗೆ ಉತ್ತರ ಹೇಳಬೇಕು, ಮೆಲ್ಲಗೆ, ನಯವಾಗಿ. ಒಂದು ತಿಂಗಳಲ್ಲಿ ಸಂದರ್ಶನ. ಕೊನೆಗೆ ಮೇಡಂ ಒಂದೇ ಪದ ಬರೆದು ಅದರ ಕೆಳಗೆ ಗೆರೆ ಎಳೆದಳು: ಗುಬ್ಬಿ?

ನಾನು ಓದಿದೆ. ಇನ್ನೊಮ್ಮೆ ಓದಿದೆ. ಅವಳು ನನ್ನ ಓದು ನಿಧಾನ ಎಂದುಕೊಂಡು ಕಾದಳು.

ಸಂಜೆ ಮೆಟ್ಟಿಲ ಮೇಲೆ ಕೂತಾಗ ಗುಬ್ಬಿಯೇ ಕೇಳಿದಳು. "ಏನು ಭಾವ, ತುಟಿಗೆ ಹೊಲಿಗೆ ಹಾಕಿಸಿಕೊಂಡು ಬಂದಿದೀರಾ?"

ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ. ಅವಳ ಮುಖ ಅರಳಿದ್ದನ್ನು ಬೀದಿಯ ಈಚೆಯಿಂದಲೂ ನೋಡಬಹುದಿತ್ತು. ಆಮೇಲೆ ಅದು ನಿಂತಿತು.

"ನಾನು ಹೋದರೆ ನಿಮ್ಮ ಹತ್ರ ಯಾರು ಮಾತಾಡ್ತಾರೆ?"

"ಮೇಡಂ ಇದಾರಲ್ಲ."

"ಮೇಡಂ ಬಾಯಿ ಸೂಜಿ ಕಣ್ಣು. ಅದರೊಳಗಿಂದ ನಿಮಗೆ ದಾರ ಬರುತ್ತಾ?"

"ಬೆಂಚಪ್ಪ ಇದಾನೆ."

"ಬೆಂಚಪ್ಪನಿಗೆ ಹಲ್ಲೇ ಇಲ್ಲ. ಅವನು ಹಾಲು ಅಂದರೂ ಹಾವು ಅಂದರೂ ಒಂದೇ ಥರ ಕಾಣುತ್ತೆ."

"ನನ್ನ ಚಿಂತೆ ನಿನಗೆ ಯಾಕೆ? ಎಂಜಲು ತಿಕ್ಕೋಕೆ ಮನಸ್ಸು ಬಗ್ಗಲ್ಲ ಅಂದವಳು ನೀನೇ. ನಾಳೆ ಬಂದು ಎದುರಿಗೆ ಕೂತ್ಕೋ."

ಲಾರಿಯೊಂದು ಬಂದು ನಮ್ಮ ನಡುವೆ ನಿಂತಿತು, ಸಾಮಾನು ಇಳಿಸತೊಡಗಿತು. ಅದು ಹೋದಾಗ ಅವಳು ಒಳಗೆ ಹೋಗಿದ್ದಳು.

ಮರುದಿನ ನಾನು ಟವೆಲು ಕಟ್ಟಿಕೊಂಡು ಕೂತೆ. ಅವಳು ಕೂತಳು. ಕಣ್ಣು ನೋಡು ಎಂದರೆ ನನ್ನ ಕಣ್ಣು ನೋಡಿದ ಕೂಡಲೇ ನಗು. "ಇಷ್ಟು ವರ್ಷಕ್ಕೆ ನಿಮ್ಮ ಕಣ್ಣಿಗೆ ಬಣ್ಣ ಇದೆ ಅಂತ ಇವತ್ತು ಗೊತ್ತಾಯ್ತು" ಎಂದಳು. ಫೋನಿನದು ಇನ್ನೂ ಕಷ್ಟ. ಮೇಡಂ ಪಕ್ಕದ ಕೋಣೆಯಿಂದ ಫೋನು ಮಾಡುವುದು, ಇವಳು ಇಲ್ಲಿ ತೆಗೆದುಕೊಳ್ಳುವುದು. ಗುಬ್ಬಿ ಆ ರಿಸೀವರನ್ನು ಮುಖದ ಮುಂದೆ ಹಿಡಿದು, ಅದರ ತೂತುಗಳನ್ನೇ ನೋಡುತ್ತ, ಬಾಯಿ ಅಗಲಿಸಿ, ದನಿಯೇ ಇಲ್ಲದೆ ಉತ್ತರ ಹೇಳುತ್ತಿದ್ದಳು. ಆ ಕಡೆ ಮೇಡಂ "ಹಲೋ, ಹಲೋ" ಎಂದು ಸುಸ್ತಾಗಿ ಓಡಿ ಬರುವಳು. ದನಿ ಮಾಡು ಎಂದರೆ ಮೇಲ್ಛಾವಣಿ ಹಾರುವಷ್ಟು ದನಿ. ಬೆಂಚಪ್ಪ ಬಾಗಿಲಿಗೆ ಬಂದು, "ಫೋನು ಯಾಕಮ್ಮ, ಹೀಗೇ ಕೂಗು, ಸಮುದ್ರದವರೆಗೂ ಕೇಳುತ್ತೆ" ಎನ್ನುವನು. ನನಗೂ ಆ ಕೂಗು ಸಣ್ಣಗೆ ಕೇಳಿಸುತ್ತಿತ್ತು ಎಂದರೆ ಎಷ್ಟು ಜೋರಿರಬೇಕು! ಎಷ್ಟೋ ವರ್ಷದ ಮೇಲೆ ಅವಳ ದನಿ ನನ್ನ ಕಿವಿಗೆ ಬಿದ್ದದ್ದು ಆಗಲೇ. ಅವಳ ಅಕ್ಕನ ದನಿಯ ಹಾಗೇ ಇತ್ತು. ಮೆಲ್ಲಗೆ, ಇನ್ನೂ ಮೆಲ್ಲಗೆ ಎಂದು ನಾನೇ ಕೈ ಸನ್ನೆ ಮಾಡಿ ಅದನ್ನು ಇಳಿಸಿದೆ.

ಹತ್ತು ದಿನವಾದರೂ ದಾರಿಗೆ ಬರಲಿಲ್ಲ. ಕೋಣೆಯಲ್ಲಿ ಕಲಿತದ್ದು ಸಂಜೆ ಮೆಟ್ಟಿಲ ಮೇಲೆ ಅಳಿಸಿಹೋಗುತ್ತಿತ್ತು. ಮೇಡಂ ಬಹಳ ಯೋಚಿಸಿ, ನನ್ನ ಮುಖ ನೋಡದೆ, ಸ್ಲೇಟಿನಲ್ಲಿ ಬರೆದಳು: ಸಂಜೆಯೂ ಮಗ್ಗದ ಮಾತು ಬೇಡ. ಸಂದರ್ಶನ ಆಗುವವರೆಗಾದರೂ.

ನ್ಯಾಯದ ಮಾತು. ಒಂದು ಕೈಯಲ್ಲಿ ನೇಯ್ದು ಇನ್ನೊಂದು ಕೈಯಲ್ಲಿ ಬಿಚ್ಚಿದರೆ ಬಟ್ಟೆ ಆಗುತ್ತದೆಯೇ? ಗುಬ್ಬಿಗೆ ಹೇಳಿದೆ. ಅವಳು ಒಪ್ಪಲಿಲ್ಲ, ಆಮೇಲೆ ಒಪ್ಪಿದಳು, ಒಪ್ಪಿದ ಮೇಲೂ ತಪ್ಪುತ್ತಿದ್ದಳು. ಎದುರು ಮೆಟ್ಟಿಲಿನಿಂದ ಸಣ್ಣ ತುಟಿಯಲ್ಲಿ ಏನೋ ಆಡುವಳು, ನನಗೆ ಕಾಣದು, ಸುಮ್ಮನೆ ತಲೆ ಆಡಿಸುತ್ತಿದ್ದೆ. ನನಗೆ ತಿಳಿದಿಲ್ಲ ಎಂದು ಅವಳಿಗೂ ಗೊತ್ತು. ಸ್ವಲ್ಪ ಹೊತ್ತು ತಡೆದು, ತಡೆಯಲಾರದೆ ಬಾಯಿ ಅಗಲಿಸುವಳು. ಅವಳ ತುಟಿ ಅಗಲವಾದ ಕೂಡಲೇ ನಾನು ಮುಖ ತಿರುಗಿಸಿ ಬೀದಿಯ ಆ ತುದಿ ನೋಡುತ್ತಿದ್ದೆ. ನೋಡದಿದ್ದರೆ ಮಾತಿಲ್ಲ. ಆ ಅಭ್ಯಾಸವನ್ನು ಮುರಿಯಲು ನನಗೆ ಗೊತ್ತಿದ್ದ ದಾರಿ ಅದೊಂದೇ. ಮೊದಮೊದಲು ಬೇಕೆಂದು ತಿರುಗಿಸುತ್ತಿದ್ದೆ, ಕತ್ತು ನೋಯುತ್ತಿತ್ತು. ಆಮೇಲೆ ಕತ್ತು ತಾನೇ ತಿರುಗತೊಡಗಿತು. ಒಂದು ಸಂಜೆ ಅವಳು ಸಿಟ್ಟಿನಿಂದ ನನ್ನ ಮೆಟ್ಟಿಲ ಕಡೆ ಒಂದು ಕಲ್ಲು ಎಸೆದಳು. ನಾನು ಆ ಕಲ್ಲನ್ನು ನೋಡಿದೆ, ಅವಳನ್ನು ನೋಡಲಿಲ್ಲ. ಟೈಲರು ಬಂದು, "ಏನಜ್ಜಾ, ಜಗಳವಾ?" ಎಂದು ಕೈಯಲ್ಲಿ ಕೇಳಿದ. ಇಲ್ಲ, ಪಾಠ ಎಂದೆ.

ಸಂದರ್ಶನಕ್ಕೆ ಎರಡು ದಿನ ಇರುವಾಗ ಮೇಡಂ ಕೊನೆಯ ಪರೀಕ್ಷೆ ಮಾಡಿದಳು. ಪಕ್ಕದ ಕೋಣೆಯಿಂದ ಫೋನು. ಗುಬ್ಬಿ ಬೆನ್ನು ನೆಟ್ಟಗೆ ಮಾಡಿ ರಿಸೀವರನ್ನು ಕಿವಿಗೆ ಇಟ್ಟುಕೊಂಡಳು. ಕಣ್ಣು ಮುಂದಿನ ಗೋಡೆಯ ಮೇಲೆ. ತುಟಿ ಎಷ್ಟು ಬೇಕೋ ಅಷ್ಟೇ ಅಲ್ಲಾಡಿತು. ಮೇಜಿನ ಈ ಕಡೆ ಕೂತಿದ್ದ ನನಗೆ ಒಂದಕ್ಷರವೂ ಕಾಣಲಿಲ್ಲ. ಏನೋ ಕೇಳಿದಳು, ಏನೋ ಹೇಳಿದಳು, ಯಾವುದಕ್ಕೋ ಸಣ್ಣಗೆ ನಕ್ಕಳು. ಬೇರೆ ಯಾರೋ ಹೆಂಗಸನ್ನು ಗಾಜಿನಾಚೆ ನೋಡಿದ ಹಾಗಿತ್ತು. ಮೇಡಂ ಓಡಿ ಬಂದು ಅವಳನ್ನು ತಬ್ಬಿಕೊಂಡಳು. ನನ್ನ ಕಡೆ ತಿರುಗಿ ಹೇಗಿತ್ತು ಎಂದು ಕೈ ಆಡಿಸಿದಳು.

"ತಯಾರು. ಕಳಿಸಿ" ಎಂದೆ.

ಗುಬ್ಬಿಗೆ ಕೆಲಸ ಸಿಕ್ಕಿತು. ಎದುರು ಮನೆಯ ಸಾಮಾನು ಕಟ್ಟಿದ್ದು ಬೇಗ ಮುಗಿಯಿತು. ಬೀಗದ ಕೈ ನನಗೆ ಕೊಟ್ಟಳು. ಮಾತು ಕಡಮೆ. ಇನ್ನು ಹೋಗಿ ಸೇರುವವರೆಗೆ ತಪ್ಪಬಾರದು ಎಂದು ಅವಳಿಗೂ ಹಟ ಬಂದಿತ್ತು, ನನಗೂ.

ಬಸ್ಸು ನಸುಕಿಗೆ. ಹಿಂದೆಲ್ಲ ನಾವಿಬ್ಬರೂ ಬೆಳಗಿನ ಪಾಳಿಗೆ ಹೊರಡುತ್ತಿದ್ದ ಹೊತ್ತು ಅದು. ಅವಳ ಪೆಟ್ಟಿಗೆಯನ್ನು ಮೇಲೆ ಇಟ್ಟು ಕೆಳಗೆ ಇಳಿದೆ. ಅವಳು ಕಿಟಕಿಯ ಪಕ್ಕ ಕೂತಳು. ಗಾಜು ಹಾಕಿತ್ತು, ಎಳೆದಳು, ಬರಲಿಲ್ಲ. ಗಾಜಿನಾಚೆಯಿಂದ ಸಣ್ಣ ತುಟಿಯಲ್ಲಿ ಏನೋ ಹೇಳಿದಳು, ಕಲಿತ ಹಾಗೆ, ನನ್ನ ಕಣ್ಣು ನೋಡಿ. ತಲೆ ಆಡಿಸಿದೆ. ಬಸ್ಸು ಹಿಂದಕ್ಕೆ ಸರಿಯತೊಡಗಿತು. ಆಗ ಅವಳು ಗಾಜಿಗೆ ಎರಡೂ ಕೈ ಒತ್ತಿ ಹಿಡಿದು, ಬಾಯಿ ಅಗಲಿಸಿದಳು.

ನನ್ನ ಮುಖ ತಿರುಗಿತು.

ನಾನು ತಿರುಗಿಸಲಿಲ್ಲ. ಅಷ್ಟು ಸಂಜೆಗಳ ಅಭ್ಯಾಸದಿಂದ ಅದೇ ತಿರುಗಿತು. ಅಯ್ಯೋ ಎಂದುಕೊಂಡು ಮತ್ತೆ ನೋಡುವಷ್ಟರಲ್ಲಿ ಬಸ್ಸು ಪೂರ್ತಿ ಹೊರಳಿ ಬೆನ್ನು ತೋರಿಸಿತ್ತು. ಹಿಂದಿನ ಗಾಜಿನಲ್ಲಿ ಯಾರದೋ ಹಾಸಿಗೆ ಸುರುಳಿ ಕಾಣುತ್ತಿತ್ತು.

ಅವಳು ಏನಂದಿದ್ದಾಳು? ನಲ್ಲಿ ಸೋರುತ್ತದೆ ನೋಡಿಕೊಳ್ಳಿ ಎಂದಿರಬಹುದು. ಹೊತ್ತಿಗೆ ಸರಿಯಾಗಿ ಊಟ ಮಾಡಿ ಎಂದಿರಬಹುದು. ಬೈದಿರಲೂಬಹುದು, ಬೈಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಸಂಜೆ ಮೆಟ್ಟಿಲ ಮೇಲೆ ಕೂತು ಎದುರು ಬಾಗಿಲಿನ ಬೀಗ ನೋಡುತ್ತ ಆ ಅಗಲಿಸಿದ ಬಾಯಿಗೆ ಒಂದೊಂದು ಮಾತನ್ನೇ ಹಾಕಿ ನೋಡುತ್ತಿದ್ದೆ. ಯಾವುದೂ ಕೂರುತ್ತಿರಲಿಲ್ಲ. ಬಸ್ಸುಗಳು ಬರುತ್ತಿದ್ದವು, ದಾಟುತ್ತಿದ್ದವು.

ಕೆಲವು ದಿನಗಳಾದ ಮೇಲೆ ಕೋಣೆಗೆ ಅವಳ ಫೋನು ಬಂತು. ದಿನವಿಡೀ ಫೋನಿನಲ್ಲೇ ಮಾತಾಡುವ ಕೆಲಸ ಕೊಡಿಸಿದ್ದೇನೆ, ಆ ಫೋನಿನಲ್ಲಿ ನಾನೊಬ್ಬ ಸಿಗುವುದಿಲ್ಲ. ಮೇಡಂ ಕೇಳಿಸಿಕೊಂಡು, ಸ್ಲೇಟಿಗೆ ಕೈ ಹಾಕಿದವಳು ಅದನ್ನು ಬಿಟ್ಟು ನನ್ನೆದುರು ಬಂದಳು. ಆ ಸೂಜಿಕಣ್ಣಿನ ಬಾಯನ್ನು ಎಷ್ಟಾಗುತ್ತದೋ ಅಷ್ಟು ಅಗಲಿಸಿದಳು, ಹಲ್ಲುನೋವಿನವರ ಹಾಗೆ. "ಚೆ-ನ್ನಾ-ಗಿ-ದ್ದಾ-ಳಂ-ತೆ. ಕೋ-ಣೆ-ಯಿಂ-ದ ನೀ-ರು ಕಾ-ಣು-ತ್ತಂ-ತೆ."

ತಪ್ಪುತಪ್ಪಾಗಿತ್ತು. ಆದರೂ ಕಂಡಿತು.

"ಬಸ್ಸು ತಿರುಗೋವಾಗ ಏನೋ ಅಂದಳಲ್ಲ, ಅದೇನು ಕೇಳಿ ಮೇಡಂ" ಎಂದೆ.

ಮೇಡಂ ಕೇಳಿದಳು. ರಿಸೀವರನ್ನು ಕಿವಿಗೆ ಒತ್ತಿ ಹಿಡಿದು ಉತ್ತರ ಕೇಳಿಸಿಕೊಂಡಳು. ಆಮೇಲೆ ಮೇಡಂ ಮತ್ತೆ ಬಾಯಿ ಅಗಲಿಸಿದಳು.

"ಏ-ನೂ ಅಂ-ದಿ-ಲ್ಲ-ವಂ-ತೆ. ನಿ-ದ್ದೆ-ಗೆ-ಟ್ಟು ಆ-ಕ-ಳಿ-ಸಿ-ದ್ದಂ-ತೆ."

ನಾನು ತಲೆ ಆಡಿಸಿದೆ. ಮೇಡಂ ಫೋನು ಇಟ್ಟಳು. ಕುರ್ಚಿ ಖಾಲಿ ಇತ್ತು, ಬೆಂಚಿನ ಮೇಲೆ ಬೆಂಚಪ್ಪ ಗೋಡೆಗೆ ಒರಗಿದ್ದ. ಅವನಿಗೆ ಆಕಳಿಕೆ ಬಂತು. ಗಿರಣಿ ನಿಂತು ಅಷ್ಟು ಕಾಲವಾಗಿದ್ದರೂ ಅವನ ಕೈ ತಾನಾಗಿ ಎದ್ದು ಬಾಯಿಗೆ ಅಡ್ಡ ಹೋಯಿತು.

ಅವತ್ತು ಗುಬ್ಬಿಯ ಎರಡೂ ಕೈ ಗಾಜಿನ ಮೇಲಿದ್ದವು.

ಸಂಜೆ ಮೆಟ್ಟಿಲ ಮೇಲೆ ಕೂತು, ಕಳಿಸಿದವರನ್ನು ಒಬ್ಬೊಬ್ಬರಾಗಿ ಎಣಿಸಿದೆ. ಎಣ್ಣೆ ಹೋದದ್ದು ಸೋಮವಾರ. ಅಕ್ಕತಂಗಿಯರು ಒಟ್ಟಿಗೇ ಹೋದದ್ದು ಶುಕ್ರವಾರ. ಗೋದಾಮಿನವನದು ನೆನಪಿಲ್ಲ, ಭಾನುವಾರವಿರಬೇಕು. ಗುಬ್ಬಿ ಹೋದದ್ದು ಗುರುವಾರ.